ವೆಬ್‌ಸೈಟುಗಳ ನೋಟ್‌ಬುಕ್ಕು, ಮಗ್ಗದ ಸಪ್ಪಳ

ನನ್ನ ಬ್ಯಾಗಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಇರುತ್ತದೆ. ಭಾಷೆ ಕಲಿಸುವವರಿಗೆ ಉಪಯೋಗವಾಗುವ ವೆಬ್‌ಸೈಟುಗಳನ್ನು ಅದರಲ್ಲಿ ಬರೆದಿಡುತ್ತೇನೆ. ಒಂದು ವೆಬ್‌ಸೈಟಿಗೆ ಒಂದು ಪುಟ. ಮೇಲೆ ಹೆಸರು, ಕೆಳಗೆ ನಾಲ್ಕು ಸಾಲು: ಫೋನಿನಲ್ಲಿ ತೆರೆಯಲು ಎಷ್ಟು ಹೊತ್ತು ಹಿಡಿಯಿತು, ಅಲ್ಲಿಂದ ಏನು ತೆಗೆದುಕೊಂಡೆ, ಯಾವ ಕ್ಲಾಸಿನಲ್ಲಿ ಮಾಡಿದೆ, ಏನಾಯಿತು. ನಾಲ್ಕನೆಯ ಸಾಲು ತುಂಬುವವರೆಗೆ ಆ ವೆಬ್‌ಸೈಟಿನ ಬಗ್ಗೆ ಯಾರಿಗೂ ಹೇಳುವುದಿಲ್ಲ ಎಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೇನೆ.

ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಶಾಲೆಯ ಎರಡು ಬದಿಗೂ ಪವರ್‌ಲೂಮ್ ಶೆಡ್ಡುಗಳಿವೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಮರಳಿ ಕೆಲಸಕ್ಕೆ ಸೇರಿದಾಗ ನನಗೆ ಕಾವ್ಯ, ವಿಮರ್ಶೆ ಎಲ್ಲ ಗೊತ್ತಿತ್ತು. ನಲವತ್ತು ಮಕ್ಕಳನ್ನು ಒಟ್ಟಿಗೆ ಮಾತಾಡಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಕೇಳುವ ಸ್ವಭಾವ ನನ್ನದಲ್ಲ. ಹಾಗಾಗಿ ವೆಬ್‌ಸೈಟುಗಳನ್ನು ಹುಡುಕಿದೆ. ಅಲ್ಲಿ ನಾವು ಏನು ಕೇಳಿದೆವೆಂದು ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಮೊದಲ ಪುಟದಲ್ಲಿರುವುದು ಚಿತ್ರಕತೆಗಳ ಒಂದು ವೆಬ್‌ಸೈಟು. ಒಂದೇ ಕತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ನಾಲ್ಕನೆಯ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: ‘ಎಂಟನೆಯ ಕ್ಲಾಸು. ಕತೆಗಿಂತ ಚಿತ್ರದಲ್ಲಿದ್ದ ಎಮ್ಮೆಯ ಬಗ್ಗೆ ಹೆಚ್ಚು ಚರ್ಚೆ. ಎಮ್ಮೆ ಗಬ್ಬ ಇದೆ ಎಂದು ಮಕ್ಕಳ ತೀರ್ಮಾನ. ಚರ್ಚೆ ಪೂರ್ತಿ ಕನ್ನಡದಲ್ಲಿ.’ ಎರಡನೆಯದು ಪದದ ಉಚ್ಚಾರವನ್ನು ಎರಡು ದೇಶದ ದನಿಯಲ್ಲಿ ಕೇಳಿಸುವ ನಿಘಂಟು. ‘ಎರಡರಲ್ಲಿ ಯಾವುದು ಖರೆ ಎಂದು ಕೇಳಿದರು. ಎರಡೂ ಖರೆ ಎಂದೆ. ನಂಬಲಿಲ್ಲ.’ ಏಳನೆಯ ಪುಟದ್ದು ನನಗೆ ಬಹಳ ಇಷ್ಟವಾದದ್ದು. ಬೇರೆ ಬೇರೆ ದೇಶದ ಶಿಕ್ಷಕರು ತಮ್ಮ ಕೆಟ್ಟ ಪಾಠಗಳ ಬಗ್ಗೆ ಅಲ್ಲಿ ಬರೆಯುತ್ತಾರೆ, ಉಳಿದವರು ಸಲಹೆ ಕೊಡುತ್ತಾರೆ. ಎರಡು ವರ್ಷ ದಿನವೂ ಅದನ್ನು ಓದಿದೆ, ಒಂದು ಸಾಲೂ ಬರೆಯಲಿಲ್ಲ.

ಈ ನೋಟ್‌ಬುಕ್ಕನ್ನು ನಾನು ಬಾಯಿಬಿಟ್ಟು ಓದುತ್ತಿದ್ದ ಜಾಗ ಒಂದೇ. ಪ್ರತಿ ತಿಂಗಳ ಮೂರನೆಯ ಶನಿವಾರ, ಮುಂಜಾನೆಯ ಶಾಲೆ ಮುಗಿದ ಮೇಲೆ, ಜಮಖಂಡಿಯ ಒಂದು ಶಾಲೆಯ ಹಾಲ್‌ನಲ್ಲಿ ಭಾಷಾ ಶಿಕ್ಷಕರ ಸಭೆ ನಡೆಯುತ್ತಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ಕಡೆಯಿಂದ ಕನ್ನಡ, ಇಂಗ್ಲಿಷ್, ಹಿಂದಿಯವರು ಬರುತ್ತಿದ್ದರು. ಯಾವ ಇಲಾಖೆಯ ಆದೇಶವೂ ಇರಲಿಲ್ಲ, ನಾವಾಗಿಯೇ ಕೂಡುತ್ತಿದ್ದೆವು. ಮೊದಲು ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಆಮೇಲೆ ಒಬ್ಬರಿಗೆ ಮದುವೆ ಕಾರ್ಯ, ಒಬ್ಬರಿಗೆ ಹೊಲದ ಕೆಲಸ ಎಂದು ಕರಗುತ್ತ ಎಂಟು ಜನಕ್ಕೆ ಬಂದು ನಿಂತಿತು. ಸ್ಟಾಫ್ ರೂಮಿನಲ್ಲಿ ದಿನಕ್ಕೆ ಹತ್ತು ಮಾತಾಡದ ನಾನು ಆ ಹಾಲ್‌ನಲ್ಲಿ, ‘ಈ ವಾರ ನನ್ನ ಪಾಠ ಹೀಗೆ ಕೆಟ್ಟಿತು’ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ತಿಂಗಳಿಗೊಮ್ಮೆ ಸಿಗುವ ಆ ಎರಡು ಗಂಟೆ ನನಗೆ ಬೇಕಾಗಿತ್ತು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಸಭೆಯಲ್ಲಿ, ಹಾಲ್ ಕೊಡುತ್ತಿದ್ದ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ತಲೆ ಎಣಿಸಿದರು.

“ಎಂಟ ಮಂದಿ. ಅದರಾಗ ಇಬ್ಬರು ಚಹಾಕ್ಕ ಬಂದಾರ” ಎಂದರು.

“ಮೂರ ಮಂದಿರಿ” ಎಂದರು ಮುಧೋಳದ ಕನ್ನಡ ಗುರುಗಳು. “ನನ್ನ ಬಿಟ್ಟ ಎಣಿಸೀರಿ.”

ಈ ಗುರುಗಳಿಗೆ ನಿವೃತ್ತಿ ಹತ್ತಿರವಿತ್ತು. ಸಭೆಯನ್ನು ಒಮ್ಮೆಯೂ ತಪ್ಪಿಸಿದವರಲ್ಲ, ಒಮ್ಮೆಯೂ ಏನನ್ನೂ ಒಪ್ಪಿಕೊಂಡವರೂ ಅಲ್ಲ. ಎಲ್ಲರೂ ನಕ್ಕರು, ಆದರೆ ಹೆಡ್‌ಮಾಸ್ತರರು ನಗಲಿಲ್ಲ.

“ಚೇಷ್ಟಾ ಬ್ಯಾಡ್ರಿ. ಎರಡ ವರ್ಷ ಆತು, ಕೂಡ್ತೀರಿ, ವೆಬ್‌ಸೈಟ್ ಅಂತೀರಿ, ಬರಕೋತೀರಿ. ಇದರಿಂದ ಯಾವ ಸಾಲ್ಯಾಗ ಏನ ಬದಲಾತು, ಒಂದರ ತೋರಸ್ರಿ. ಮುಂದಿನ ತಿಂಗಳ ನೋಡ್ತೀನಿ. ಇಲ್ಲಾಂದ್ರ ಶನಿವಾರ ಈ ಹಾಲ್ ಹುಡುಗೂರ ಕೇರಮ್‌ಗೆ ಕೊಡ್ತೀನಿ.”

ಅವರು ಹೋದ ಮೇಲೆ ಗುರುಗಳು ನನ್ನ ಕಡೆ ತಿರುಗಿದರು.

“ಅಕ್ಕೋರ, ನಿಮ್ಮ ನೋಟ್‌ಬುಕ್ ಭಾಳ ಛಲೋ ಐತಿ. ಅಕ್ಷರ ಮುತ್ತಿನಂಗ ಅದಾವು. ಆದರ ಖರೆ ಹೇಳ್ರಿ, ನಿಮ್ಮ ಹುಡುಗೂರು ಬಾಯಿ ಬಿಟ್ಟ ಇಂಗ್ಲಿಷ್ ಮಾತಾಡ್ಯಾವೇನು?”

“ಮುಂದಿನ ತಿಂಗಳ ಹತ್ತ ನಿಮಿಷ ರೆಕಾರ್ಡ್ ಮಾಡಿ ತರ್ತೀನ್ರಿ” ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ ಅದು. ಗಲಗಲಿಯಿಂದ ಬರುವ ಹಿಂದಿ ಶಿಕ್ಷಕಿ, ನನ್ನ ಗೆಳತಿ, ಬೆಂಚಿನ ಕೆಳಗೆ ನನ್ನ ಕಾಲು ತುಳಿದಳು. ಬಸ್ ಸ್ಟ್ಯಾಂಡಿಗೆ ನಡೆಯುವಾಗ, “ಕೇರಮ್ ಬೋರ್ಡ್ ಆರ್ಡರ್ ಮಾಡೂದ ಛಲೋ ಇತ್ತು ನೋಡ” ಎಂದಳು.

ರೆಕಾರ್ಡ್ ಮಾಡುವ ವಿಚಾರವೂ ನನ್ನದಲ್ಲ, ಹನ್ನೊಂದನೆಯ ಪುಟದ ವೆಬ್‌ಸೈಟಿನದು. ನಿಮ್ಮ ಪಾಠದ ಹತ್ತು ನಿಮಿಷವನ್ನು ಫೋನಿನಲ್ಲಿ ಹಿಡಿಯಿರಿ, ಆಮೇಲೆ ಒಬ್ಬರೇ ಕೂತು ಕೇಳಿ, ನೀವು ಎಷ್ಟು ನಿಮಿಷ ಮಾತಾಡಿದಿರಿ, ಮಕ್ಕಳು ಎಷ್ಟು ನಿಮಿಷ ಮಾತಾಡಿದರು ಬರೆಯಿರಿ ಎಂದು ಅಲ್ಲಿ ಹೇಳಿತ್ತು. ಮಕ್ಕಳನ್ನು ಮಾತಾಡಿಸಲು ಒಂದು ಆಟವನ್ನೂ ಕೊಟ್ಟಿದ್ದರು. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂರಬೇಕು. ಇಬ್ಬರ ಕೈಯಲ್ಲೂ ಒಂದೊಂದು ಚಿತ್ರ, ಆದರೆ ಎರಡರಲ್ಲಿ ಐದು ವ್ಯತ್ಯಾಸ. ಚಿತ್ರ ತೋರಿಸದೆ, ಬರೀ ಕೇಳಿ ಹೇಳಿ ಅವನ್ನು ಹುಡುಕಬೇಕು.

ಅವರು ಕೊಟ್ಟ ಚಿತ್ರದಲ್ಲಿ ಹಿಮ ಬಿದ್ದ ಓಣಿ, ಹೊಗೆಗೂಡಿನ ಮನೆ ಇದ್ದವು. ಅದನ್ನು ಬಿಟ್ಟು ನಾನು ಸೀರೆಯ ಚಿತ್ರ ಬರೆದೆ. ಒಂದು ಕಾರ್ಡಿನಲ್ಲಿ ಕೆಂಪು ಒಡಲು, ಅಂಚಿಗೆ ಹಸಿರು ದಡಿ, ಸೆರಗಿನಲ್ಲಿ ಮೂರು ಗೆರೆ. ಇನ್ನೊಂದರಲ್ಲಿ ಕೆಂಪು ಒಡಲು, ಹಳದಿ ದಡಿ, ಸೆರಗಿನಲ್ಲಿ ಐದು ಗೆರೆ. ನಮ್ಮ ಮಕ್ಕಳಿಗೆ ಸೀರೆಯಲ್ಲಿ ತಪ್ಪು ಹುಡುಕುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅರ್ಧ ಕ್ಲಾಸಿನ ಮನೆಯಲ್ಲಿ ಮಗ್ಗ ಇದೆ.

ಒಂಬತ್ತನೆಯ ಕ್ಲಾಸಿನಲ್ಲಿ ಕಾರ್ಡು ಹಂಚಿದೆ, ಫೋನನ್ನು ಟೇಬಲ್ಲಿನ ಮೇಲಿಟ್ಟೆ. ಗದ್ದಲವೋ ಗದ್ದಲ. ಮಕ್ಕಳು ಕತ್ತು ಹೊರಳಿಸಿ ಕೂಗುತ್ತಿದ್ದರು. ನಾನು ಖುಷಿಯಿಂದ ಓಡಾಡಿದೆ. ಸಂಜೆ ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಮೊದಲು ನನ್ನ ದನಿ, ಆಮೇಲೆ ಹತ್ತು ನಿಮಿಷ ಖಟಖಟ ಖಟಖಟ. ಎರಡು ಬದಿಯ ಶೆಡ್ಡುಗಳೂ ನನ್ನ ಫೋನಿನೊಳಗೆ ಬಂದು ಕೂತಿದ್ದವು. ಮಕ್ಕಳು ಎಲ್ಲೋ ದೂರದ ಬಾವಿಯಲ್ಲಿ ಇದ್ದಂತೆ ಕೇಳಿಸುತ್ತಿದ್ದರು. ಇದನ್ನು ಜಮಖಂಡಿಗೆ ಒಯ್ದರೆ ಗುರುಗಳು ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು.

ದೋಷ ಮಗ್ಗದ್ದು ಎಂದು ತೀರ್ಮಾನಿಸಿದೆ. ಮಗ್ಗ ನಿಂತ ಹೊತ್ತಿನಲ್ಲಿ ರೆಕಾರ್ಡ್ ಮಾಡಬೇಕು, ಅಷ್ಟೆ. ಎರಡು ವಾರ ಕಾದೆ. ಸಭೆಗೆ ಎಂಟು ದಿನ ಉಳಿದಾಗ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ಮುಂದಿನ ಶುಕ್ರವಾರ ಲೈನ್ ದುರಸ್ತಿ, ಹನ್ನೊಂದರಿಂದ ಎರಡರವರೆಗೆ ಕರೆಂಟ್ ಇರುವುದಿಲ್ಲ. ಓಣಿಯವರೆಲ್ಲ ಸಿಟ್ಟಿನ ಮುಖದ ಚಿತ್ರ ಹಾಕಿದ್ದರು. ನಾನೊಬ್ಬಳೇ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ, ತಕ್ಷಣ ಅಳಿಸಿದೆ.

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಯಿತು. ಶೆಡ್ಡುಗಳು ಒಂದರ ಹಿಂದೊಂದು ಸುಮ್ಮನಾದವು. ಬನಹಟ್ಟಿಯಲ್ಲಿ ಅಂಥ ಹೊತ್ತಿನಲ್ಲಿ ಕಿವಿಗೆ ಏನೋ ಬಿಟ್ಟುಹೋದಂತೆ ಆಗುತ್ತದೆ. ಹೊರಗೆ ಸೈಕಲ್ ಬೆಲ್, ಯಾರದೋ ಮನೆಯ ಕುಕ್ಕರ್ ಎಲ್ಲ ಕೇಳಿಸತೊಡಗಿದವು. ಅದೇ ಕ್ಲಾಸಿನಲ್ಲಿ ಹೊಸ ಕಾರ್ಡು ಹಂಚಿದೆ, ಫೋನು ಇಟ್ಟೆ, “ಸ್ಟಾರ್ಟ್” ಎಂದೆ.

ಯಾರೂ ಬಾಯಿ ಬಿಡಲಿಲ್ಲ.

ಬೆನ್ನಿಗೆ ಬೆನ್ನು ಹಚ್ಚಿದ ನಲವತ್ತು ಮಕ್ಕಳು ಕಾರ್ಡು ನೋಡುತ್ತ ಕೂತಿದ್ದರು. ನಾನು ಒಂದು ಪ್ರಶ್ನೆ ಕೇಳಿ ತೋರಿಸಿದೆ. ಎರಡನೆಯದನ್ನೂ ಕೇಳಿ ತೋರಿಸಿದೆ. ಹಿಂದಿನ ಬೆಂಚಿನಲ್ಲಿ ಒಬ್ಬನ ಪೆನ್ಸಿಲ್ ಬಿತ್ತು, ಎಲ್ಲರೂ ಅವನ ಕಡೆ ತಿರುಗಿದರು. ಕೊನೆಗೆ ಮುಂದಿನ ಸಾಲಿನ ಹುಡುಗಿಯ ಹತ್ತಿರ ಹೋಗಿ ಬಗ್ಗಿ, “ಯಾಕ, ಅವತ್ತ ಅಷ್ಟ ಮಾತಾಡಿದಿ, ಇವತ್ತೇನಾತು?” ಎಂದು ಕೇಳಿದೆ.

ಅವಳು ಪಿಸುಗುಟ್ಟಿದಳು: “ಅಕ್ಕೋರ, ಇವತ್ತ ಎಲ್ಲಾರಿಗೂ ಕೇಳಸ್ತದರಿ.”

ಅವಳ ಪಿಸುಮಾತು ನಿಜವಾಗಿಯೂ ಕೊನೆಯ ಬೆಂಚಿನವರೆಗೆ ಕೇಳಿಸಿ, ಅಲ್ಲಿಂದ ನಗು ಬಂತು. ಹುಡುಗಿ ಕಾರ್ಡಿನಲ್ಲಿ ಮುಖ ಮುಚ್ಚಿಕೊಂಡಳು.

ಪಿರಿಯಡ್ ಮುಗಿಯಲು ಇನ್ನೂ ಹೊತ್ತಿರುವಾಗಲೇ, ನಮ್ಮ ಊರಿನಲ್ಲಿ ಹಿಂದೆಂದೂ ಆಗದ್ದು ಆಯಿತು. ಹೇಳಿದ ವೇಳೆಗಿಂತ ಮೊದಲೇ ಕರೆಂಟು ಬಂತು. ಎಡಗಡೆಯ ಶೆಡ್ಡಿನಲ್ಲಿ ಒಂದು ಮಗ್ಗ, ಎರಡು, ಆಮೇಲೆ ಎಲ್ಲವೂ ಶುರುವಾದವು. ನನ್ನ ಹತ್ತು ನಿಮಿಷ ಕೆಟ್ಟಿತೆಂದು ನಾನು ಕಿಟಕಿಯತ್ತ ನೋಡುತ್ತ ನಿಂತೆ. ಬೆಲ್ಲು ಹೊಡೆದಾಗ ಫೋನು ಎತ್ತಿಕೊಂಡು ಹೊರಗೆ ಬಂದೆ. ಹಿಂದೆ ಕ್ಲಾಸಿನಲ್ಲಿ ಗದ್ದಲ ನಡೆದೇ ಇತ್ತು. ನಾನು ಅದನ್ನು ಗದ್ದಲವೆಂದಷ್ಟೇ ತಿಳಿದೆ.

ನಮ್ಮ ಮನೆಯ ಹಿತ್ತಿಲಿನಲ್ಲೂ ನಾಲ್ಕು ಮಗ್ಗಗಳಿವೆ. ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ನಮ್ಮಂಥ ಮನೆಗಳಲ್ಲಿ ಅರ್ಧ ಸಂಸಾರ ತುಟಿಯಲ್ಲೂ ಕೈಯಲ್ಲೂ ನಡೆಯುತ್ತದೆ. ಅವ್ವ ಬಾಗಿಲಲ್ಲಿ ನಿಂತು ಹೆಬ್ಬೆರಳನ್ನು ತುಟಿಗೆ ತಂದರೆ ಚಹಾ, ಅಂಗೈ ಮಗುಚಿದರೆ ಊಟ, ಎರಡೂ ಕೈ ಸೊಂಟದ ಮೇಲಿಟ್ಟರೆ ಎಲ್ಲರೂ ಎದ್ದು ಬರಬೇಕು. ಅವತ್ತು ಸಂಜೆ ಮಗ್ಗ ನಿಲ್ಲಿಸಿದ ಮೇಲೆ ನಾನು ಶೆಡ್ಡಿನ ಕಟ್ಟೆಯ ಮೇಲೆ ಕೂತು ರೆಕಾರ್ಡಿಂಗ್ ಹಚ್ಚಿದೆ. ಇಯರ್‌ಫೋನಿನ ಒಂದು ತುದಿಯನ್ನು ಅವ್ವ ತಾನಾಗಿಯೇ ತೆಗೆದು ಕಿವಿಗೆ ಹಾಕಿಕೊಂಡಳು. ಮಗಳು ಸಪ್ಪಗೆ ಇದ್ದರೆ ಕಾರಣ ಕೇಳುವುದು ನಮ್ಮ ಮನೆಯ ಪದ್ಧತಿಯಲ್ಲ. ಪಕ್ಕದಲ್ಲಿ ಬಂದು ಕೂರುತ್ತಾರೆ.

ಮೊದಲ ಐದು ನಿಮಿಷ ಏನೂ ಇಲ್ಲ. ಪೆನ್ಸಿಲ್ ಬಿದ್ದ ಸಪ್ಪಳ. ಪಿಸುಮಾತು. ನಗು. ಆಮೇಲೆ ಖಟಖಟ.

“ಬಂದ ಮಾಡಬೇ ಯವ್ವಾ, ಇಲ್ಲಿಂದ ಮುಂದ ಎಲ್ಲಾ ಮಗ್ಗಾನ ಐತಿ” ಎಂದೆ.

ಅವ್ವ ಕೈ ಅಡ್ಡ ಹಿಡಿದಳು. “ತಡೀಲೇ. ಎಷ್ಟ ಛಂದ ಮಾತಾಡಾಕತ್ತಾವು.”

“ಎಲ್ಲಿ?”

“ಇಲ್ಲೇ. ಒಬ್ಬಾಕಿ ಗ್ರೀನ್ ಗ್ರೀನ್ ಅನ್ನಾಕತ್ತಾಳ. ಒಬ್ಬಾಂವ ನೋ ನೋ ಅಂದ. ಬಾರ್ಡರ್ ಅಂತಾರ, ಸಿಕ್ಸ್ ಅಂತಾರ. ಆ ದಪ್ಪ ದನಿಯಾಂವ ಯಾರವಾ? ಒಂದಸವನ ಮಾತಾಡ್ತಾನು.”

ನಾನು ಕಣ್ಣು ಮುಚ್ಚಿ ಕೇಳಿದೆ. ನನಗೆ ಖಟಖಟವೇ ಕೇಳಿಸಿತು. ಅವ್ವ ನನ್ನನ್ನು ಕನಿಕರದಿಂದ ನೋಡಿದಳು.

“ಧಾರವಾಡಕ್ಕ ಹೋಗಿ ಕಿವಿ ಕೆಡಿಸಿಕೊಂಡ ಬಂದಿ ನೋಡ. ಮಗ್ಗದ ಸಪ್ಪಳ ಕೇಳಬಾರದವಾ, ಅದರ ಹಿಂದಿಂದು ಕೇಳಬೇಕು. ಸಣ್ಣಾಕಿದ್ದಾಗ ನೀ ಶೆಡ್ಡಿನ್ಯಾಗ ಕುಂತ ಪಾಠ ಒದರತಿದ್ದಿ. ಮಂದಿ ಮುಂದ ಬಾಯಿ ಬಿಡತಿರಲಿಲ್ಲ. ಮಗ್ಗದ ಮುಂದ ಮಾತ್ರ ಕಾಲೇಜಿನ ಪ್ರೊಫೆಸರಗತೆ ಮಾತಾಡತಿದ್ದಿ.”

ನಾನು ಮರೆತೇಬಿಟ್ಟಿದ್ದೆ. ಆರನೆಯ ಕ್ಲಾಸಿನಲ್ಲಿ ಇಂಗ್ಲಿಷ್ ಓದುವುದನ್ನು ನಾನು ಕಲಿತದ್ದು ಇದೇ ಕಟ್ಟೆಯ ಮೇಲೆ ಕೂತು, ಗಟ್ಟಿಯಾಗಿ, ತಪ್ಪು ತಪ್ಪಾಗಿ. ಯಾರಿಗೂ ಕೇಳಿಸುತ್ತಿರಲಿಲ್ಲ ಎಂದುಕೊಂಡಿದ್ದೆ. ಅವ್ವನಿಗೆ ಎಲ್ಲವೂ ಕೇಳಿಸುತ್ತಿತ್ತು ಎನ್ನುವುದು ಇಷ್ಟು ವರ್ಷದ ಮೇಲೆ ಗೊತ್ತಾಯಿತು.

ರೆಕಾರ್ಡಿಂಗನ್ನು ಮೊದಲಿನಿಂದ ಮತ್ತೆ ಕೇಳಿದೆ. ಈ ಸಲ ಮಗ್ಗ ಶುರುವಾದ ಜಾಗಕ್ಕೆ ಬಂದಾಗ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಎಡಗಡೆಯ ಮೊದಲ ಮಗ್ಗ ಶುರುವಾಗುತ್ತಿದ್ದಂತೆ ಒಂದು ದನಿ, ಎರಡನೆಯ ಮಗ್ಗಕ್ಕೆ ಮೂರು ದನಿ. ಎಲ್ಲ ಮಗ್ಗ ಓಡತೊಡಗಿದಾಗ ಇಡೀ ಕ್ಲಾಸು. ಮುಂದಿನ ಸಾಲಿನ ಆ ಹುಡುಗಿ, “ಹೌ ಮೆನಿ ಲೈನ್ಸ್?” ಎಂದು ಮೂರು ಸಲ ಕೂಗಿದ್ದಳು.

ಅಂದೇ ಏಳನೆಯ ಪುಟದ ವೆಬ್‌ಸೈಟಿನಲ್ಲಿ ನಾನು ಮೊದಲ ಬಾರಿ ಬರೆದೆ. ಆರು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ನಮ್ಮದು ನೇಕಾರರ ಊರು, ಮಗ್ಗ ನಿಂತಾಗ ಮಕ್ಕಳು ಸುಮ್ಮನಾಗುತ್ತಾರೆ, ಮಗ್ಗ ಓಡುವಾಗ ಮಾತಾಡುತ್ತಾರೆ, ಇದು ಬೇರೆ ಎಲ್ಲಾದರೂ ಕಂಡಿದೆಯೇ ಎಂದು ಕೇಳಿದ್ದೆ. ಮರುದಿನ ಮೂರು ಉತ್ತರ ಬಂದಿದ್ದವು. ಒಬ್ಬರ ಶಾಲೆ ರೈಲು ಹಳಿಯ ಪಕ್ಕದಲ್ಲಂತೆ, ಅವರ ಮಕ್ಕಳು ರೈಲು ಬಂದಾಗಲೇ ಪ್ರಶ್ನೆ ಕೇಳುತ್ತಾರಂತೆ. ಇನ್ನೊಬ್ಬರು, ಜೋಡಿಯಾಗಿ ಮಾತಾಡಿಸುವಾಗ ಸಣ್ಣಗೆ ವಾದ್ಯಸಂಗೀತ ಹಚ್ಚುವುದು ಹಳೆಯ ಉಪಾಯ, ತಪ್ಪು ಮುಚ್ಚಿಹೋಗುತ್ತದೆಂಬ ಧೈರ್ಯ ಬರುತ್ತದೆ ಎಂದಿದ್ದರು. ಮೂರನೆಯವರದು ಒಂದೇ ಸಾಲು: ‘ನಾವು ಸ್ಪೀಕರ್ ಕೊಳ್ಳಬೇಕು, ನಿಮ್ಮ ಊರೇ ನಿಮಗೆ ಅದನ್ನು ಕೊಟ್ಟಿದೆ.’ ಅದನ್ನು ಓದಿ, ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಮೂರನೆಯ ಶನಿವಾರ ಜಮಖಂಡಿಯ ಹಾಲ್‌ನಲ್ಲಿ ಒಂಬತ್ತು ಜನ ಇದ್ದೆವು. ಒಂಬತ್ತನೆಯವರು ತುಬಚಿಯಿಂದ ಬಂದ ಹೊಸ ಇಂಗ್ಲಿಷ್ ಶಿಕ್ಷಕಿ. ಹೆಡ್‌ಮಾಸ್ತರರು ಐದು ನಿಮಿಷದಲ್ಲಿ ಬರುತ್ತೇನೆಂದು ಆಫೀಸಿಗೆ ಹೋಗಿದ್ದರು. ನಾನು ರೆಕಾರ್ಡಿಂಗ್ ಹಚ್ಚಿದೆ. ಎಲ್ಲರೂ ಕತ್ತು ಮುಂದೆ ಚಾಚಿ ಕೇಳಿದರು.

“ಅಕ್ಕೋರ, ಇದು ಪಾಠ ಅಲ್ಲ, ಗಿರಣಿ” ಎಂದರು ಗುರುಗಳು. “ಹುಡುಗೂರು ಎಲ್ಲಿ ಅದಾರ್ರಿ?”

“ಸಪ್ಪಳದ ಹಿಂದ ಅದಾರ್ರಿ.”

“ನಾನೂ ಹಂಗ ಹೇಳ್ತೀನಿ, ನನ್ನ ಹುಡುಗೂರು ಗ್ವಾಡಿ ಹಿಂದ ಸಂಸ್ಕೃತ ಮಾತಾಡ್ತಾರಂತ!”

ಹಾಲ್ ತುಂಬ ನಗು. ಗೆಳತಿ ಈ ಸಲ ನನ್ನ ಕಾಲು ತುಳಿಯದೆ ಕೈ ಹಿಡಿದಳು. ನನಗೆ ವಿವರಿಸಿ ಹೇಳುವುದು ಬರುವುದಿಲ್ಲ. ಬ್ಯಾಗಿನಿಂದ ಸೀರೆಯ ಕಾರ್ಡು ತೆಗೆದು ಅವರಿಗೇ ಹಂಚಿದೆ. ಬೆನ್ನಿಗೆ ಬೆನ್ನು ಹಚ್ಚಿ ಕೂತು ಇಂಗ್ಲಿಷಿನಲ್ಲೇ ವ್ಯತ್ಯಾಸ ಹುಡುಕಿರಿ ಎಂದೆ. ನಗುತ್ತ ಕುರ್ಚಿ ತಿರುಗಿಸಿದರು. ಕೂತರು.

ಅಷ್ಟೆ. ಹಾಲ್ ಗಪ್ಪಾಯಿತು. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಇಂಗ್ಲಿಷ್ ಶಿಕ್ಷಕರೂ ಕೆಮ್ಮಿದರು. ಗುರುಗಳು ಕಾರ್ಡನ್ನು ತಲೆಕೆಳಗು ಹಿಡಿದು ನೋಡಿ, “ಒಳ್ಳೇ ಸೀರಿ” ಎಂದು ಕನ್ನಡದಲ್ಲಿ ಹೇಳಿ ಸುಮ್ಮನಾದರು. ಎರಡು ನಿಮಿಷ ಬಿಟ್ಟೆ. ಆಮೇಲೆ ಫೋನನ್ನು ಹಾಲ್‌ನ ಸ್ಪೀಕರಿಗೆ ಜೋಡಿಸಿ, ರೆಕಾರ್ಡಿಂಗಿನ ಕೊನೆಯ ಭಾಗ ಹಚ್ಚಿ ದನಿ ಏರಿಸಿದೆ.

ಬನಹಟ್ಟಿಯ ಮಗ್ಗಗಳು ಜಮಖಂಡಿಯಲ್ಲಿ ಓಡತೊಡಗಿದವು. ಮೊದಲು ತುಬಚಿಯವರು ಬಾಯಿ ಬಿಟ್ಟರು. ಅವರಿಗೆ ಬೆನ್ನು ಹಚ್ಚಿದ್ದ ಗೆಳತಿ ಕೂಗಿ ಉತ್ತರಿಸಿದಳು, ಅರ್ಧ ಹಿಂದಿಯಲ್ಲಿ. ಒಂದು ನಿಮಿಷದಲ್ಲಿ ಎಲ್ಲರೂ ಕೂಗುತ್ತಿದ್ದರು. ಗುರುಗಳು ಕುರ್ಚಿಯಲ್ಲಿ ಅರ್ಧ ಎದ್ದು, ಹಿಂದಿದ್ದ ಬೀಳಗಿಯ ಶಿಕ್ಷಕರಿಗೆ, “ಮೈ ಬಾರ್ಡರ್ ಈಸ್ ಯೆಲ್ಲೋ! ಯುವರ್ ಬಾರ್ಡರ್ ವ್ಹಾಟ್?” ಎಂದು ಇಡೀ ಓಣಿಗೆ ಕೇಳುವ ಹಾಗೆ ಕೇಳಿದರು. ಅವರ ಬಾಯಲ್ಲಿ ಇಂಗ್ಲಿಷ್ ವಾಕ್ಯವನ್ನು ಎರಡು ವರ್ಷದಲ್ಲಿ ನಾವು ಮೊದಲು ಕೇಳಿದ್ದು ಆಗಲೇ.

ಹೆಡ್‌ಮಾಸ್ತರರು ಓಡಿ ಬಂದರು. “ಏನ್ರಿ ಇದು! ಹಾಲ್‌ದಾಗ ಮಗ್ಗ ಹೂಡೀರೇನು?”

ನಾನು ದನಿ ತಗ್ಗಿಸಿದೆ. ದನಿ ತಗ್ಗಿದಂತೆ ಮಾತೂ ತಗ್ಗಿ, ಗುರುಗಳೊಬ್ಬರೇ ನಿಶ್ಶಬ್ದದ ನಡುವೆ “ಫೈವ್ ಲೈನ್ಸ್!” ಎಂದು ಕೂಗಿ, ತಮ್ಮ ದನಿ ತಮಗೇ ಕೇಳಿಸಿ ಗಪ್ಪನೆ ಕೂತರು. ಹೆಡ್‌ಮಾಸ್ತರರು ನಮ್ಮೆಲ್ಲರ ಮುಖ ನೋಡಿದರು, ನಾನು ಮೂರು ವಾಕ್ಯದಲ್ಲಿ ವಿಷಯ ಹೇಳಿದೆ. ರೆಕಾರ್ಡಿಂಗನ್ನು ಮೊದಲಿನಿಂದ ಹಚ್ಚಿರಿ ಎಂದರು. ಪಿಸುಮಾತಿನ ಜಾಗದಲ್ಲಿ ನಿಲ್ಲಿಸಿ ಮತ್ತೊಮ್ಮೆ ಹಚ್ಚಿಸಿದರು.

“ಎಲ್ಲಾರಿಗೂ ಕೇಳಸ್ತದರಿ ಅಂದ್ಲಲಾ” ಎಂದರು. “ನನ್ನ ಪರಿಸ್ಥಿತೀನೂ ಅದ ನೋಡ್ರಿ. ಮ್ಯಾಲಿನ ಸಾಹೇಬರು ಇಂಗ್ಲಿಷ್‌ದಾಗ ಕೇಳಿದ್ರ ಬರೇ ಎಸ್ ಸರ್ ಅಂತೀನಿ.” ಒಂದು ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಬೆನ್ನು ತಿರುಗಿಸಿ ಕೂತರು. “ನನಗೂ ಒಂದ ಸೀರಿ ಕೊಡ್ರಿ.”

ಕೇರಮ್ ಬೋರ್ಡುಗಳು ವರಾಂಡಾಕ್ಕೆ ಹೋದವು. ಶನಿವಾರದ ಸಭೆ ನಡೆಯುತ್ತಲೇ ಇದೆ. ಈಗ ಜನ ಹೆಚ್ಚಾಗಿ, ಚಹಾಕ್ಕಷ್ಟೇ ಬರುವವರೂ ಹೆಚ್ಚಾಗಿದ್ದಾರೆ.

ಅವತ್ತು ಹೊರಡುವಾಗ ಗುರುಗಳು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು. “ಅಕ್ಕೋರ, ನಮ್ಮ ಮುಧೋಳಕ್ಕ ಮಗ್ಗ ಎಲ್ಲಿಂದ ತರೂದ್ರಿ? ಕಬ್ಬಿನ ಟ್ರ್ಯಾಕ್ಟರ್ ಹಾಡ ಹಚ್ಚಿಕೊಂಡ ಹೊಕ್ಕಾವು. ಅವು ಹಾದ ಹೋಗೂದರಾಗ ಒಂದ ವಾಕ್ಯ ಆಗ್ತದ, ಅಷ್ಟ. ನಿಮ್ಮ ಮಗ್ಗದ್ದ ಒಂದ ಹತ್ತ ನಿಮಿಷ ಕಳಸ್ರೆಲಾ.”

ಮಕ್ಕಳ ದನಿ ಇರುವುದನ್ನು ಹೊರಗೆ ಕಳಿಸುವುದು ಬೇಡವೆಂದು, ನಮ್ಮ ಮನೆಯ ಶೆಡ್ಡಿನಲ್ಲೇ ಬೇರೆ ರೆಕಾರ್ಡ್ ಮಾಡುತ್ತೇನೆಂದೆ. ಭಾನುವಾರ ಬೆಳಿಗ್ಗೆ ಫೋನು ಹಿಡಿದು ಶೆಡ್ಡಿಗೆ ಹೋದರೆ ಅವ್ವ ಅಡ್ಡ ನಿಂತಳು. ಮಗ್ಗಕ್ಕೆ ಎಣ್ಣೆ ಬಿಡದೆ ರೆಕಾರ್ಡ್ ಮಾಡಬಾರದಂತೆ, ಮೂರನೆಯ ಮಗ್ಗ ಕಿರ್ ಅನ್ನುತ್ತದಂತೆ, ಮುಧೋಳದವರು ಏನಂದುಕೊಂಡಾರು. ಎಣ್ಣೆ ಬಿಟ್ಟದ್ದಾಯಿತು. ಆಮೇಲೆ ಅವ್ವ ನಾಲ್ಕೂ ಮಗ್ಗ ಸುತ್ತಿ ಬಂದು, ನಾಳೆ ಆ ಹಸಿರು ದಡಿಯ ಛಲೋ ಸೀರೆ ಹಚ್ಚುತ್ತೇವೆ, ಆಗ ಮಾಡು ಎಂದಳು.

“ಯವ್ವಾ, ಸೀರಿ ಕಾಣೂದಿಲ್ಲಬೇ, ಬರೇ ಸಪ್ಪಳ.”

“ಕೇಳೂ ಕಿವಿಗೆ ಗೊತ್ತಾಗ್ತದ” ಎಂದಳು.

ಒಂದು ದಿನ ತಡೆದು, ಸೋಮವಾರ ರೆಕಾರ್ಡ್ ಮಾಡಿ ಗುರುಗಳಿಗೆ ಕಳಿಸಿದೆ. ಹನ್ನೊಂದನೆಯ ಪುಟದ ನಾಲ್ಕನೆಯ ಸಾಲನ್ನೂ ಆ ರಾತ್ರಿ ತುಂಬಿಸಲಿಲ್ಲ. ಮಂಗಳವಾರ, ಮುಧೋಳದಿಂದ ಗುರುಗಳು ಫೋನ್ ಮಾಡಿದಾಗ, ಅವರ ಹಿಂದಿನಿಂದ ನಮ್ಮ ನಾಲ್ಕು ಮಗ್ಗಗಳ ಸಪ್ಪಳವೂ ಅದರ ಹಿಂದೆ ಒಂದು ಕ್ಲಾಸಿನ ಗದ್ದಲವೂ ಕೇಳಿಸಿದ ಮೇಲೆ, ಬರೆದೆ: ‘ಒಂಬತ್ತನೆಯ ಕ್ಲಾಸು, ಬನಹಟ್ಟಿ. ಹತ್ತು ಜನ ದೊಡ್ಡವರು, ಜಮಖಂಡಿ. ಏಳನೆಯ ಕ್ಲಾಸು, ಮುಧೋಳ. ಮಾತಾಡಿದರು.’